ಚಿತ್ರದ ಮುಂದೆ ನಿಂತು ಮಾತನಾಡುವವರು

ದೇವಸ್ಥಾನದ ಗೋಡೆಯ ಮೇಲಿನ ಶಿಲ್ಪ ಯಾರದೆಂದು ಹೇಳಲು ಊರಿನವರೊಬ್ಬರಾದರೂ ಸಿಗುತ್ತಾರೆ. ಅದೇ ಶಿಲ್ಪ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರಿದರೆ ಹೇಳುವವರು ಯಾರು? ಪಕ್ಕದ ಚೀಟಿಯಲ್ಲಿ ಹೆಸರು, ಕಾಲ, ದೊರೆತ ಸ್ಥಳ ಇರುತ್ತವೆ. ನೋಡುವ ಬಗೆಯನ್ನು ಚೀಟಿ ಕಲಿಸುವುದಿಲ್ಲ.

ಈ ಕೊರತೆಯನ್ನು ಗಂಭೀರವಾಗಿ ಪರಿಗಣಿಸಿದವರಲ್ಲಿ ಅಮೆರಿಕದ ಬಾಸ್ಟನ್ ಲಲಿತಕಲಾ ವಸ್ತುಸಂಗ್ರಹಾಲಯದ ಕಾರ್ಯದರ್ಶಿ ಬೆಂಜಮಿನ್ ಐವ್ಸ್ ಗಿಲ್ಮನ್ ಪ್ರಮುಖರು. ಸಂದರ್ಶಕರೊಡನೆ ನಡೆಯುತ್ತ ಕಲಾಕೃತಿಗಳನ್ನು ಪರಿಚಯಿಸುವವರಿಗೆ ಅವರು 1906ರಲ್ಲಿ 'ಡೋಸೆಂಟ್' ಎಂಬ ಹೆಸರು ಸೂಚಿಸಿದರು. ಕಲಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದ ಮುಂದೆ ಅಮೆರಿಕದಾದ್ಯಂತ ಬಳಕೆಗೆ ಬಂದಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಕೂಡ 1911ರಲ್ಲಿ ಅಧಿಕೃತ ಮಾರ್ಗದರ್ಶಿಯನ್ನು ನೇಮಿಸಿತು.

ಗಿಲ್ಮನ್ ನೋಡುಗರ ಬೆನ್ನುನೋವನ್ನೂ ಬಿಡಲಿಲ್ಲ! ಪೆಟ್ಟಿಗೆಗಳೊಳಗಿನ ವಸ್ತುಗಳನ್ನು ನೋಡಲು ಮನುಷ್ಯ ಹೇಗೆಲ್ಲ ಬಾಗಬೇಕು, ಕುಕ್ಕರಿಸಬೇಕು ಎಂಬುದನ್ನು ಛಾಯಾಚಿತ್ರಗಳ ಸಮೇತ ತೋರಿಸಿ 1916ರಲ್ಲಿ 'ವಸ್ತುಸಂಗ್ರಹಾಲಯದ ದಣಿವು' ಕುರಿತು ಲೇಖನ ಪ್ರಕಟಿಸಿದರು. ಕೃತಿಯ ಸುತ್ತಲಿನ ಇತಿಹಾಸಕ್ಕಿಂತ ಕೃತಿಯನ್ನೇ ನೋಡುವಂತೆ ಮಾಡುವುದು ಮುಖ್ಯ ಎಂಬುದು ಅವರ ನಿಲುವು. ಮರುವರ್ಷ, ಅಂದರೆ 1917ರಲ್ಲಿ, ಅದೇ ಸಂಸ್ಥೆಯ ಭಾರತೀಯ ಕಲಾ ವಿಭಾಗದ ಹೊಣೆ ಹೊತ್ತವರು ಆನಂದ ಕುಮಾರಸ್ವಾಮಿ. ಅವರ ದೃಷ್ಟಿ ಬೇರೆ. ಕೃತಿ ಯಾವುದಕ್ಕಾಗಿ ರೂಪುಗೊಂಡಿತು ಎಂಬುದನ್ನು ತಿಳಿಸದೆ ಅದನ್ನು ನೋಡಿಸಲಾಗದು ಎಂದು ಅವರು ವಾದಿಸಿದರು. ನಟರಾಜನ ಮುಂದೆ ನಿಂತ ಮಾರ್ಗದರ್ಶಿ ಮೊದಲು ಕಂಚಿನ ಬಾಗು ಬಳುಕನ್ನು ತೋರಿಸಬೇಕೋ, ಪೂಜೆಯ ಪ್ರಸ್ತಾಪ ಮಾಡಬೇಕೋ? ಈ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಕಾಲಕ್ರಮದಲ್ಲಿ ಅಮೆರಿಕದ ಅನೇಕ ಸಂಸ್ಥೆಗಳಲ್ಲಿ ಈ ಕೆಲಸ ಸಂಬಳವಿಲ್ಲದ ಸ್ವಯಂಸೇವಕರ, ಅದರಲ್ಲೂ ಮಹಿಳೆಯರ, ಪಾಲಿಗೆ ಬಂದಿತು. ಚಿಕಾಗೋ ಕಲಾಸಂಸ್ಥೆಯಲ್ಲಿ ಮಕ್ಕಳ ಕಾರ್ಯಕ್ರಮಗಳಿಗೆ ಜೀವ ತುಂಬಲು 1961ರಲ್ಲಿ ಇಂಥದೊಂದು ತಂಡ ಹುಟ್ಟಿಕೊಂಡಿತು. ಇದನ್ನು ಬಿಡುವಿನ ವೇಳೆಯ ಹವ್ಯಾಸವೆಂದು ತಳ್ಳಿಹಾಕುವಂತಿರಲಿಲ್ಲ. ವಾರಕ್ಕೆರಡು ದಿನದಂತೆ 18 ತಿಂಗಳು ತರಬೇತಿ, ಆಮೇಲೆ ವರ್ಷಗಟ್ಟಲೆ ಅಧ್ಯಯನ, ಬರವಣಿಗೆ. ತಂಡದವರೇ ಹೇಳಿಕೊಂಡಂತೆ ಅವರ ಸರಾಸರಿ ಸೇವಾವಧಿ 15 ವರ್ಷ.

ಆದರೆ ವಾರದ ನಡುವೆ ಹಗಲು ಹೊತ್ತಿನಲ್ಲಿ ಪುಕ್ಕಟೆ ದುಡಿಯಬಲ್ಲವರು ಯಾರು? ದಿನದ ಕೂಲಿ, ಸಂಬಳ ನಂಬಿದವರಿಗೆ ಅದು ದೂರದ ಮಾತು. ಹೀಗಾಗಿ ತಂಡದಲ್ಲಿ ಹೆಚ್ಚಿನವರು ಅನುಕೂಲಸ್ಥ ಬಿಳಿಯ ಮಹಿಳೆಯರೇ ಆಗಿದ್ದರು. ಎದುರು ನಿಂತು ಕೇಳುವ ಶಾಲಾಮಕ್ಕಳೋ ನಗರದ ಎಲ್ಲ ಬಣ್ಣ, ಎಲ್ಲ ವರ್ಗದವರು. ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ ಪತ್ರವೊಂದನ್ನು ಕಳುಹಿಸಿ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಿತು. ಸಂಬಳ ಪಡೆಯುವ ಶಿಕ್ಷಕರನ್ನು ನೇಮಿಸಿದರೆ ಎಲ್ಲ ಹಿನ್ನೆಲೆಯವರಿಗೂ ಬಾಗಿಲು ತೆರೆಯುತ್ತದೆ ಎಂಬುದು ಅದರ ಸಮರ್ಥನೆ.

ಸಮರ್ಥನೆಯಲ್ಲಿ ನ್ಯಾಯವಿದೆ; ಕ್ರಮದಲ್ಲಿ ಅಷ್ಟು ಕಾಣದು. ಹಳಬರ ಜೊತೆಯಲ್ಲೇ ಹೊಸಬರನ್ನು ಬೆಳೆಸಿದ್ದರೆ ದಶಕಗಳ ತಿಳಿವಳಿಕೆ ಕೈಯಿಂದ ಕೈಗೆ ದಾಟುತ್ತಿತ್ತು. ನಗರದ ಪ್ರಮುಖ ದಿನಪತ್ರಿಕೆ ಸಂಪಾದಕೀಯದಲ್ಲೇ ಈ ನಿರ್ಧಾರವನ್ನು ಖಂಡಿಸಿತು. ಸಂಸ್ಥೆ ಮಣಿಯಲಿಲ್ಲ. ತೆರವುಗೊಂಡ ಮಾರ್ಗದರ್ಶಿಗಳಿಗೆ ಅದು ನೀಡಲು ಮುಂದಾದದ್ದು ಎರಡು ವರ್ಷದ ಉಚಿತ ಸದಸ್ಯತ್ವ.