ಮಂಗಳೂರು ಮುತ್ತಿಗೆ 1783: ಒಂದು ವಾರ್‌ಗೇಮ್ ಕಟ್ಟುವುದು ಹೇಗೆ?

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಹಾಸ್ಟೆಲ್ ರೂಮಿನಲ್ಲಿ ಕೂತು ವಾಟರ್ಲೂ ಯುದ್ಧವನ್ನು ಎಷ್ಟು ಸಲ ಗೆದ್ದೆನೋ ಲೆಕ್ಕ ಇಲ್ಲ. ನಮ್ಮದೇ ಕರಾವಳಿಯಲ್ಲಿ ಇಂಗ್ಲಿಷರು, ಫ್ರೆಂಚರು, ಮೈಸೂರಿನವರು ತಿಂಗಳುಗಟ್ಟಲೆ ಕಾದಾಡಿದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಈಗ ಕಾಪುವಿನ ಗೆಳೆಯನೊಬ್ಬನ ಜೊತೆ ಸೇರಿ ಆ ಯುದ್ಧದ ಕಂಪ್ಯೂಟರ್ ಗೇಮ್ ಕಟ್ಟುತ್ತಿದ್ದೇನೆ. ಕೋಡ್ ಬರೆಯುವುದು ಸುಲಭ, ತಾರೀಕು ಆರಿಸುವುದೇ ಕಷ್ಟ ಮಾರಾಯ್ರೆ.

ವಾರ್‌ಗೇಮ್ ಅಂದರೆ

1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ನಕ್ಷೆ, ದಾಳ, ತೀರ್ಪುಗಾರ ಇರುವ ಯುದ್ಧದಾಟವೊಂದರ ನಿಯಮ ಪ್ರಕಟಿಸಿದ. ಈಗ ದಾಳ ಹಾಕುವುದೂ ತೀರ್ಪು ಕೊಡುವುದೂ ಕಂಪ್ಯೂಟರಿನ ಕೆಲಸ. ಆಟಕ್ಕೆ ಎರಡು ಭಾಗ. ಜಗತ್ತು ಹೇಗೆ ನಡೆಯುತ್ತದೆ ಅನ್ನುವುದು ನಿಯಮ. ಯಾರು, ಎಲ್ಲಿ, ಯಾವಾಗಿಂದ ಯಾವಾಗಿನವರೆಗೆ, ಏನಾದರೆ ಗೆಲುವು ಅನ್ನುವುದು ಸಿನಾರಿಯೊ.

ನಡೆದದ್ದು ಏನು

1782ರ ಡಿಸೆಂಬರ್‌ನಲ್ಲಿ ಹೈದರಾಲಿ ತೀರಿಕೊಂಡ. ಮುಂದಿನ ತಿಂಗಳೇ ಜನರಲ್ ಮ್ಯಾಥ್ಯೂಸ್‌ನ ಬಾಂಬೆ ಸೈನ್ಯ ಕರಾವಳಿಯಲ್ಲಿ ಇಳಿದು ಕುಂದಾಪುರ ಹಿಡಿಯಿತು, ಹೊಸಂಗಡಿ ಘಾಟಿ ಹತ್ತಿ ಬಿದನೂರನ್ನೂ, ಅಂದರೆ ಇಂದಿನ ನಗರವನ್ನೂ, ವಶಪಡಿಸಿಕೊಂಡಿತು. ಮಾರ್ಚ್‌ನಲ್ಲಿ ಮಂಗಳೂರು ಕೂಡ ಕಂಪನಿಯ ಕೈಸೇರಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು, ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದ ಕ್ಯಾಂಪ್‌ಬೆಲ್ 1784ರ ಜನವರಿ 30ರಂದು ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯಿತು.

ಮುತ್ತಿಗೆ ಶುರುವಾದಾಗ ನೆಪೋಲಿಯನ್ 13 ವರ್ಷದ ಶಾಲಾ ಹುಡುಗ. ಆದರೆ ಬಂದೂಕು, ಫಿರಂಗಿ ಅದೇ ತಲೆಮಾರಿನವು. ಹಾಗಾಗಿ ನೆಪೋಲಿಯನ್ ಕಾಲದ ಗೇಮುಗಳ ನಿಯಮ ಇಲ್ಲಿಗೂ ಹೊಂದಬೇಕು ಅಂದುಕೊಂಡೆವು. ಅರ್ಧ ಮಾತ್ರ ಹೊಂದಿತು.

ಹೊಳೆ ಮತ್ತು ಮಳೆ

1996ರ 'ಬ್ಯಾಟಲ್‌ಗ್ರೌಂಡ್: ವಾಟರ್ಲೂ' ಗೇಮಿನಲ್ಲಿ ನಕ್ಷೆಯ ಒಂದು ಷಟ್ಕೋನ ಅಂದರೆ 100 ಮೀಟರ್, ಒಂದು ಟರ್ನ್ ಅಂದರೆ 15 ನಿಮಿಷ. ಆ ಲೆಕ್ಕದಲ್ಲಿ ಮಂಗಳೂರು ಮುತ್ತಿಗೆ ಆಡಿದರೆ 24 ಸಾವಿರ ಟರ್ನ್ ದಾಟುತ್ತದೆ. ಆದ್ದರಿಂದ ನಮ್ಮದರಲ್ಲಿ ಟರ್ನಿಗೆ ಒಂದು ವಾರ.

ಕುಂದಾಪುರದಿಂದ ಮಂಗಳೂರಿಗೆ ಸೈನ್ಯ ನಡೆಸಿ ನೋಡಿ: ಸೀತಾ, ಸುವರ್ಣಾ, ಉದ್ಯಾವರ ಹೊಳೆ, ಶಾಂಭವಿ, ನಂದಿನಿ, ಫಲ್ಗುಣಿ ಸಾಲಾಗಿ ಅಡ್ಡ ಬರುತ್ತವೆ. ಕಾರ್ಕಳದ ಕಡೆಯ ಒಳದಾರಿ ಹಿಡಿದರೆ ಹೊಳೆ ಕಿರಿದು, ಆದರೆ ದಾರಿ ಸುತ್ತು. ನಮ್ಮ ನಕ್ಷೆಯಲ್ಲಿ ಹೊಳೆ ದಾಟುವ ಖರ್ಚು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದ್ದು ಒದ್ದೆಯಾಗಿ ಬಂದೂಕು ಕೈಕೊಡುತ್ತದೆ, ಕಂದಕದಲ್ಲಿ ನೀರು ನಿಲ್ಲುತ್ತದೆ, ಹಡಗು ದಡಕ್ಕೆ ಬರುವುದು ಕಷ್ಟ.

ಫ್ರೆಂಚರ ಸಮಸ್ಯೆ

ಟಿಪ್ಪುವಿನ ಜೊತೆ ಫ್ರೆಂಚ್ ತುಕಡಿಯೊಂದಿತ್ತು. ಯುರೋಪಿನಲ್ಲಿ ಶಾಂತಿ ಆಯಿತು ಅನ್ನುವ ಸುದ್ದಿ ಜುಲೈನಲ್ಲಿ ಬಂತು, ಅವರು ಹೋರಾಟದಿಂದ ಹಿಂದೆ ಸರಿದರು. ಇದನ್ನು ಜುಲೈಗೇ ಕಟ್ಟಿಹಾಕಿದರೆ ಏನಾಗುತ್ತದೆ? ಟಿಪ್ಪುವಿನ ಕಡೆ ಆಡುವವನು, ಹೇಗೂ ಹೋಗುವವರು ಅಂತ ಜೂನ್‌ನಲ್ಲೇ ಅವರನ್ನು ಗೋಡೆಗೆ ನುಗ್ಗಿಸಿ ಸಾಯಿಸುತ್ತಾನೆ. ಟಿಪ್ಪುವಿಗೆ ಗೊತ್ತಿಲ್ಲದ್ದು ಆಟಗಾರನಿಗೂ ಗೊತ್ತಿರಬಾರದು. ಹಾಗಾಗಿ ಜೂನ್ ಕೊನೆಯಿಂದ ಪ್ರತಿ ಟರ್ನಿಗೆ ಕಂಪ್ಯೂಟರ್ ದಾಳ ಹಾಕುತ್ತದೆ. ಸುದ್ದಿ ಯಾವ ವಾರ ಬಂದೀತೋ ಯಾರಿಗೂ ಗೊತ್ತಿಲ್ಲ.

ಆಗಸ್ಟ್ 2ಕ್ಕೆ ಕದನ ವಿರಾಮ ಆಯಿತು. ಅಲ್ಲಿಂದ ಆಚೆಗೆ ಕೋಟೆಯನ್ನು ತಿಂದದ್ದು ಹಸಿವು ಮತ್ತು ಕಾಯಿಲೆ. ಗುಂಡು ಹಾರದಿದ್ದರೂ ಪ್ರತಿ ವಾರ ಕೋಟೆಯ ಬಲ ಇಳಿಯಬೇಕು.

ಹೊರಗಿನ ಸೈನ್ಯಕ್ಕೂ ಅನ್ನ ಬೇಕಲ್ಲ? ಅದಕ್ಕೆ ನಮ್ಮ ನಕ್ಷೆಯಲ್ಲಿ ಊರೂರಿಗೂ ಅಕ್ಕಿಯ ಲೆಕ್ಕ ಇದೆ. ಸೈನ್ಯ ಬಾಚಿಕೊಂಡು ಹೋದ ಅಕ್ಕಿ ಏಣೆಲು ಬೆಳೆ ಕೊಯ್ಲಿನವರೆಗೆ ಮತ್ತೆ ಹುಟ್ಟುವುದಿಲ್ಲ. ಬಹುತೇಕ ವಾರ್‌ಗೇಮುಗಳಲ್ಲಿ ರೈತನಿಗೆ ಜಾಗವೇ ಇರುವುದಿಲ್ಲ.

ಎಲ್ಲಿಂದ ಎಲ್ಲಿಗೆ?

ನಾವು ಜಗಳ ಆಡಿದ್ದು ಇಲ್ಲಿ. ಮೇ ತಿಂಗಳಿಂದ ಶುರು ಮಾಡಿದರೆ ಟಿಪ್ಪು ದಾಳಿಕೋರನಂತೆ, ಕ್ಯಾಂಪ್‌ಬೆಲ್ ಕೋಟೆ ಕಾಯುವ ವೀರನಂತೆ ಕಾಣುತ್ತಾರೆ. ಮ್ಯಾಥ್ಯೂಸ್ ನುಗ್ಗಿದ್ದು, ಬಿದನೂರಿನ ಸಂಪತ್ತಿಗಾಗಿ ಅವನ ಅಧಿಕಾರಿಗಳೇ ಕಚ್ಚಾಡಿದ್ದು ಕಾಣೆಯಾಗುತ್ತದೆ. ಜನವರಿ 30ಕ್ಕೆ ಮುಗಿಸಿದರೆ ಇನ್ನೊಂದು ಕಾಣೆಯಾಗುತ್ತದೆ: 1784ರ ಫೆಬ್ರವರಿಯಲ್ಲಿ ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದು.

2015ರಲ್ಲಿ ಸರಕಾರಿ ಟಿಪ್ಪು ಜಯಂತಿ ಶುರುವಾಯಿತು, 2019ರಲ್ಲಿ ರದ್ದಾಯಿತು. ಆ ವಾದದಲ್ಲಿ ಎರಡೂ ಕಡೆಯವರು ಮಾಡಿದ್ದು ಇದನ್ನೇ: ತಮಗೆ ಬೇಕಾದ ತಾರೀಕಿನಲ್ಲಿ ಶುರು ಮಾಡಿ, ಬೇಕಾದಲ್ಲಿ ನಿಲ್ಲಿಸಿದ್ದು. ಭಾಷಣದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಗೇಮಿನಲ್ಲಿ ತಾರೀಕನ್ನು ಟೈಪ್ ಮಾಡಲೇಬೇಕು.

ನಾವು 1783ರ ಜನವರಿಯಿಂದ 1784ರ ಮಾರ್ಚ್ 11ರವರೆಗೆ ಅಂತ ಟೈಪ್ ಮಾಡಿದೆವು. ಸೆರೆಯನ್ನು ಆಟದ ನಡೆಯಾಗಿ ಇಟ್ಟಿಲ್ಲ, ಅದಕ್ಕೆ ಅಂಕವೂ ಇಲ್ಲ. ಯಾರೇ ಗೆಲ್ಲಲಿ, ಫೆಬ್ರವರಿಯ ಆ ಟರ್ನಿನಲ್ಲಿ ಪರದೆ ಕಪ್ಪಾಗಿ ನಡೆದದ್ದನ್ನು ಬರೆದು ತೋರಿಸುತ್ತದೆ. "ಗೆದ್ದ ಖುಷಿಯೇ ಇರುವುದಿಲ್ಲ, ಯಾರು ಆಡ್ತಾರೆ?" ಅಂತ ಗೆಳೆಯ ಕೇಳಿದ. ಅವನ ಮಾತು ನಿಜ ಇರಬಹುದು. ಆದರೂ ಆ ಟರ್ನನ್ನು ತೆಗೆಯಲು ನಾನು ಒಪ್ಪಲಿಲ್ಲ. ಜನವರಿಯ ಲೂಟಿಯನ್ನು ತೆಗೆಯಲು ಅವನೂ ಒಪ್ಪಲಿಲ್ಲ.