ವಿದ್ಯಾರ್ಥಿ ನ್ಯಾಯಪತ್ರಿಕೆಗಳೂ ಎಡೆದೊರೆ ನಾಡಿನ ಶಾಸ್ತ್ರಪರಂಪರೆಯೂ

ಶಾಸ್ತ್ರವನ್ನು ಇನ್ನೂ ಕಲಿಯುತ್ತಿರುವವನು ಅದೇ ಶಾಸ್ತ್ರದ ಪರೀಕ್ಷಕನಾಗಬಹುದೆ ಎಂಬುದು ಹಳೆಯ ಪ್ರಶ್ನೆ. ಸಂಸ್ಕೃತ ಪಾಠಶಾಲೆಗಳಲ್ಲಿ ಇದಕ್ಕೆ ವಾಕ್ಯಾರ್ಥಸಭೆಯ ರೂಪದಲ್ಲಿ ಉತ್ತರ ದೊರೆತಿತ್ತು. ಗುರುಗಳ ಸನ್ನಿಧಿಯಲ್ಲಿ ವಿದ್ಯಾರ್ಥಿಯು ಪೂರ್ವಪಕ್ಷವನ್ನು ಹೂಡಿ, ಆಕ್ಷೇಪಗಳನ್ನು ಎದುರಿಸಿ, ಸಿದ್ಧಾಂತಕ್ಕೆ ಬರುತ್ತಿದ್ದನು. ಕಲಿತುದು ಕಂಠಕ್ಕಿಳಿದಿದೆಯೋ ಬುದ್ಧಿಗಿಳಿದಿದೆಯೋ ಎಂಬುದು ಅಲ್ಲಿ ತಿಳಿಯುತ್ತಿತ್ತು. ಇಂದಿನ ನ್ಯಾಯವಿದ್ಯೆಯಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ವಿದ್ಯಾರ್ಥಿಗಳೇ ನಡೆಯಿಸುವ ನ್ಯಾಯಪತ್ರಿಕೆಗಳು ವಹಿಸಿಕೊಂಡಿವೆ. ಅವುಗಳ ಇತಿವೃತ್ತವನ್ನೂ, ರಾಯಚೂರು, ದೇವದುರ್ಗ, ಮಾನ್ವಿಗಳ ಜನಕ್ಕೂ ಆ ಬರವಣಿಗೆಗೂ ಇರುವ ಸಂಬಂಧವನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

೧

ಇಂತಹ ಪತ್ರಿಕೆಗಳ ಮೂಲವು ಅಮೆರಿಕೆಯಲ್ಲಿದೆ. ೧೮೭೫ರಲ್ಲಿ ಆಲ್ಬನಿ ನಗರದ ನ್ಯಾಯಶಾಲೆಯ ವಿದ್ಯಾರ್ಥಿಗಳು ಒಂದು ಪತ್ರಿಕೆಯನ್ನು ಆರಂಭಿಸಿದರು; ಅದು ಅಲ್ಪಾಯುವಾಯಿತು. ೧೮೮೫ರಲ್ಲಿ ಕೊಲಂಬಿಯಾ ವಿದ್ಯಾರ್ಥಿಗಳು ಇನ್ನೊಂದನ್ನು ಹೊರಡಿಸಿದರು. ೧೮೮೭ರಲ್ಲಿ ಹುಟ್ಟಿದ ‘ಹಾರ್ವರ್ಡ್ ಲಾ ರಿವ್ಯೂ’ ಮಾತ್ರ ನೆಲೆಯಾಗಿ ನಿಂತು ಉಳಿದವುಗಳಿಗೆ ಮೇಲ್ಪಂಕ್ತಿಯಾಯಿತು. ಅನ್ಯಶಾಸ್ತ್ರಗಳ ಪತ್ರಿಕೆಗಳಲ್ಲಿ ಹಿರಿಯರು ಕಿರಿಯರ ಬರಹವನ್ನು ತೂಗುವುದು ವಾಡಿಕೆ. ಇಲ್ಲಿ ಅದು ತಲೆಕೆಳಗು: ಪ್ರಾಧ್ಯಾಪಕರೂ ನ್ಯಾಯಾಧೀಶರೂ ಬರೆದುದನ್ನು ವಿದ್ಯಾರ್ಥಿಗಳು ಆರಿಸುವರು, ತಿದ್ದುವರು, ಬೇಡವೆನ್ನಲೂ ಬಲ್ಲರು.

ಇದು ಹುಡುಗಾಟವೆಂದು ತಳ್ಳಿಹಾಕುವುದಕ್ಕೆ ಮುನ್ನ ಒಂದು ನಿದರ್ಶನವನ್ನು ನೆನೆಯಬೇಕು. ೧೮೯೦ರ ಡಿಸೆಂಬರಿನಲ್ಲಿ, ಪತ್ರಿಕೆಗೆ ಇನ್ನೂ ನಾಲ್ಕು ವರ್ಷಗಳೂ ತುಂಬದಿದ್ದಾಗ, ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಮನುಷ್ಯನ ಖಾಸಗಿತನದ ಹಕ್ಕನ್ನು ಕುರಿತು ಅದರಲ್ಲಿ ಲೇಖನವನ್ನು ಪ್ರಕಟಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಆ ಹಕ್ಕನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಆ ಲೇಖನವೂ ವಿಚಾರಕ್ಕೆ ಬಂದಿತು. ವಿದ್ಯಾರ್ಥಿಗಳ ಕೈಯಲ್ಲಿ ಅಚ್ಚಾದ ಮಾತು ನೂರಿಪ್ಪತ್ತೇಳು ವರ್ಷಗಳ ಮೇಲೆ ಬೇರೊಂದು ಖಂಡದಲ್ಲಿ ಫಲಿಸಿತು.

೨

ಕರ್ನಾಟಕದಲ್ಲಿ ಈ ಪದ್ಧತಿಯು ಬೇರೂರಿದುದು ಬೆಂಗಳೂರಿನ ರಾಷ್ಟ್ರೀಯ ನ್ಯಾಯಶಾಲೆಯಲ್ಲಿ. ಎನ್. ಆರ್. ಮಾಧವ ಮೆನನ್ನರ ನಿರ್ದೇಶಕತ್ವದಲ್ಲಿ ೧೯೮೮ರಲ್ಲಿ ಅಲ್ಲಿ ಐದು ವರ್ಷಗಳ ಪದವಿಪಾಠವು ಮೊದಲಾಯಿತು. ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆಯು ಆದಿಯಲ್ಲಿ ‘ಸ್ಟೂಡೆಂಟ್ ಅಡ್ವೊಕೇಟ್’ ಎಂದೂ ಅನಂತರ ‘ಸ್ಟೂಡೆಂಟ್ ಬಾರ್ ರಿವ್ಯೂ’ ಎಂದೂ ಕರೆಯಿಸಿಕೊಂಡು, ಈಗ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’ ಎಂಬ ಹೆಸರಿನಿಂದ ನಡೆಯುತ್ತಿದೆ. ಇದರ ಲೇಖನಗಳನ್ನು ಸರ್ವೋಚ್ಚ ನ್ಯಾಯಾಲಯವು ತನ್ನ ತೀರ್ಪುಗಳಲ್ಲಿ ಉಲ್ಲೇಖಿಸಿರುವುದುಂಟು. ೨೦೦೫ರಲ್ಲಿ ಸಮಾಜ ಮತ್ತು ಕಾನೂನುಗಳ ಸಂಬಂಧಕ್ಕೆ ಮೀಸಲಾದ ‘ಸೋಷಿಯೋ-ಲೀಗಲ್ ರಿವ್ಯೂ’ ಎಂಬುದೂ, ಯಂತ್ರತಂತ್ರಗಳ ಕಾನೂನಿಗೆ ಮೀಸಲಾದ ಇನ್ನೊಂದೂ ಅಲ್ಲಿಂದಲೇ ಹೊರಟವು.

ಇವುಗಳ ಕಾರ್ಯಕ್ರಮವು ಸರಳವಾದುದು, ಆದರೆ ಶ್ರಮದ್ದು. ಬಂದ ಲೇಖನದಿಂದ ಕರ್ತೃವಿನ ಹೆಸರನ್ನು ತೆಗೆದು ಪರೀಕ್ಷಕರಿಗೆ ಕೊಡುವರು. ಬರೆದವನು ದೊಡ್ಡವನೋ ಚಿಕ್ಕವನೋ ಎಂಬುದು ತಿಳಿಯದಂತೆ ಗುಣವನ್ನು ನೋಡಬೇಕೆಂಬುದು ಇದರ ಅಭಿಪ್ರಾಯ. ಆಯ್ಕೆಯಾದ ಮೇಲೆ ಒಂದೊಂದು ಉದ್ಧರಣವನ್ನೂ ಮೂಲದೊಡನೆ ತಾಳೆ ನೋಡುವರು. ತೀರ್ಪಿನಲ್ಲಿ ಹೇಳದೆ ಇದ್ದುದನ್ನು ಲೇಖಕನು ಹೇಳಿಸಿದ್ದರೆ ಇಲ್ಲಿ ಸಿಕ್ಕಿಬೀಳುವನು. ಹಸ್ತಪ್ರತಿಗಳ ಪಾಠಭೇದಗಳನ್ನು ಗುರುತಿಸುವ ಗ್ರಂಥಸಂಪಾದಕನ ಎಚ್ಚರವೇ ಇಲ್ಲಿಯೂ ಬೇಕು. ವಿದ್ಯಾರ್ಥಿಗಳು ತಾವಾಗಿ ಬರೆಯುವುದರಲ್ಲಿ ತೀರ್ಪಿನ ವಿಮರ್ಶೆಯೆಂಬ ಸಣ್ಣ ಪ್ರಬಂಧವು ಮುಖ್ಯವಾದುದು. ವ್ಯಾಜ್ಯದ ಸಂಗತಿ, ಉಭಯಪಕ್ಷಗಳ ವಾದ, ನಿರ್ಣಯ, ನಿರ್ಣಯದ ಯುಕ್ತಾಯುಕ್ತತೆ ಎಂಬುವು ಅದರ ಅಂಗಗಳು.

೩

ಈ ಅಂಗವಿಭಾಗವು ಕನ್ನಡ ನಾಡಿಗೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳನ್ನು ಅವನು ವಿವರಿಸುವನು. ಎಂದರೆ ವಾದಿಯ ಹೇಳಿಕೆ, ಪ್ರತಿವಾದಿಯ ಉತ್ತರ, ಪ್ರಮಾಣ, ನಿರ್ಣಯ. ಶಂಕೆಯನ್ನು ತಾನೇ ಎತ್ತಿ ತಾನೇ ಪರಿಹರಿಸುವುದು ಅವನ ಶೈಲಿ. ಅಕ್ಷರಗಳನ್ನು ಮಿತವಾಗಿ ಬಳಸಬೇಕೆಂಬ ಅವನ ಸಂಕಲ್ಪವನ್ನು, ಪುಟಕ್ಕಿಂತ ಅಡಿಟಿಪ್ಪಣಿಯನ್ನೇ ದೊಡ್ಡದು ಮಾಡುವ ಇಂದಿನ ವಿದ್ಯಾರ್ಥಿಗಳು ಗಮನಿಸಿದರೆ ಲೇಸು.

ಮಿತಾಕ್ಷರೆಯು ಇಂದಿಗೂ ಹಳತಾಗಿಲ್ಲ. ಅವಿಭಕ್ತ ಕುಟುಂಬದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ತು ಬರುವುದೆಂಬ ಅದರ ತತ್ತ್ವವನ್ನು ಕರ್ನಾಟಕದ ಶಾಸನವು ೧೯೯೪ರಲ್ಲಿ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಕೇಂದ್ರಶಾಸನವು ೨೦೦೫ರಲ್ಲಿ ಅದೇ ದಾರಿಯನ್ನು ಹಿಡಿಯಿತು. ೨೦೨೦ರ ಆಗಸ್ಟ್ ೧೧ರಂದು ವಿನೀತಾ ಶರ್ಮಾ ಎಂಬವರ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಅರ್ಥವನ್ನು ನಿಷ್ಕರ್ಷಿಸಿತು. ಮಾನ್ವಿಯ ಹೊಲವೊಂದರಲ್ಲಿ ಅಕ್ಕತಂಗಿಯರಿಗೆ ಪಾಲುಂಟೆ ಎಂಬ ಪ್ರಶ್ನೆಯು ಹೀಗೆ ಕಲ್ಯಾಣದ ಪಂಡಿತನಿಂದ ದೆಹಲಿಯ ಪೀಠದವರೆಗೆ ಹಬ್ಬಿದೆ.

೪

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನಲ್ಲಿ ನ್ಯಾಯದ ಭಾಷೆಯು ಜನರ ಭಾಷೆಯಾಗಿದ್ದ ಕಾಲ ಕಡಮೆ. ನಿಜಾಮರ ಆಳಿಕೆಯಲ್ಲಿ ಮೊದಲು ಪಾರಸಿಯೂ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಉರ್ದುವೂ ಕಚೇರಿಯ ಭಾಷೆಯಾದುವು. ವಕೀಲ, ದಾವೆ, ಫಿರ್ಯಾದು, ತಕರಾರು ಮೊದಲಾದ ಮಾತುಗಳು ಇಂದಿಗೂ ಹಳ್ಳಿಯವರ ಬಾಯಲ್ಲಿವೆ. ೧೯೧೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧಭಾಷೆಯನ್ನಾಗಿ ಮಾಡಿಕೊಂಡು, ತನ್ನ ಭಾಷಾಂತರಶಾಖೆಯಿಂದ ಕಾನೂನಿನ ಗ್ರಂಥಗಳನ್ನೂ ಆ ಭಾಷೆಗೆ ತರಿಸಿತು. ಕನ್ನಡಿಗನಿಗೆ ಅದರಿಂದ ನೇರವಾದ ಪ್ರಯೋಜನವಾಗಲಿಲ್ಲ; ಆದರೂ ದೇಶಭಾಷೆಯೊಂದರಲ್ಲಿ ನ್ಯಾಯಶಾಸ್ತ್ರವನ್ನು ಕಲಿಸಬಹುದೆಂಬುದಕ್ಕೆ ಅದು ಸಾಕ್ಷಿಯಾಗಿ ನಿಂತಿತು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿತು.

ಇಂದು ರಾಯಚೂರಿನಲ್ಲಿ ಜಿಲ್ಲಾ ನ್ಯಾಯಾಲಯವೂ ಕಾನೂನು ಕಾಲೇಜೂ ಇವೆ. ದೇವದುರ್ಗ ಮಾನ್ವಿಗಳಲ್ಲಿ ತಾಲ್ಲೂಕು ನ್ಯಾಯಾಲಯಗಳಿವೆ. ಅಧೀನ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಸ್ಥಾನವುಂಟು. ೨೦೦೮ರಲ್ಲಿ ಕಲಬುರಗಿಗೆ ಬಂದ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ೨೦೧೩ರಲ್ಲಿ ಸ್ಥಿರವಾಯಿತು. ದಾರಿ ಹತ್ತಿರವಾಯಿತು, ಭಾಷೆ ಹತ್ತಿರವಾಗಲಿಲ್ಲ. ಸಂವಿಧಾನದ ೩೪೮ನೆಯ ಅನುಚ್ಛೇದದಂತೆ ಅಲ್ಲಿನ ತೀರ್ಪು ಇಂಗ್ಲಿಷಿನದು. ಆ ತೀರ್ಪನ್ನು ವಿಮರ್ಶಿಸುವ ಬೆಂಗಳೂರಿನ ಮೇಲೆ ಹೇಳಿದ ಪತ್ರಿಕೆಗಳೂ ಇಂಗ್ಲಿಷಿನವೇ. ಹೊಲವನ್ನು ಗೆದ್ದವನಿಗೂ ಸೋತವನಿಗೂ ಏಕೆ ಗೆದ್ದೆ, ಏಕೆ ಸೋತೆ ಎಂಬುದು ಪರರು ಹೇಳಿ ತಿಳಿಯತಕ್ಕ ವಿಷಯವಾಗಿಯೇ ಉಳಿದಿದೆ. ಕನ್ನಡದಲ್ಲಿ ಚೆನ್ನಾಗಿ ವಾದಿಸಬಲ್ಲ ದೇವದುರ್ಗದ ವಿದ್ಯಾರ್ಥಿಗೆ ಆ ಪರೀಕ್ಷೆಯ ಸಭೆಯಲ್ಲಿ ಆಸನವಿಲ್ಲ.

೫

ಶಾಸ್ತ್ರದ ಸೂಕ್ಷ್ಮವು ಕನ್ನಡಕ್ಕೆ ಒಗ್ಗದೆಂಬ ಆಕ್ಷೇಪಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಮಾನ್ವಿಯಲ್ಲಿದ್ದ ಜಗನ್ನಾಥದಾಸರು ಸಂಸ್ಕೃತದಲ್ಲಿ ಪ್ರೌಢವಿದ್ವಾಂಸರು. ಮೊದಲು ಅವರು ಕನ್ನಡದ ದಾಸರ ಕೃತಿಗಳನ್ನು ಹಗುರವಾಗಿ ಕಂಡರೆಂದೂ, ಮುಂದೆ ಇಂದಿನ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರಿಂದ ಅನುಗ್ರಹ ಪಡೆದು ಮನಸ್ಸನ್ನು ತಿರುಗಿಸಿಕೊಂಡರೆಂದೂ ಸಂಪ್ರದಾಯವು ಹೇಳುತ್ತದೆ. ಅದೇನೇ ಇರಲಿ, ದ್ವೈತಸಿದ್ಧಾಂತದ ಗಹನವಾದ ಪ್ರಮೇಯಗಳನ್ನು ಅವರು ‘ಹರಿಕಥಾಮೃತಸಾರ’ದಲ್ಲಿ ಭಾಮಿನೀಷಟ್ಪದಿಗೆ ಇಳಿಸಿದರು. ಆ ಕನ್ನಡ ಗ್ರಂಥಕ್ಕೆ ಮುಂದೆ ಸಂಸ್ಕೃತದಲ್ಲಿಯೇ ವ್ಯಾಖ್ಯಾನವು ಹುಟ್ಟಿತೆಂಬುದು ಗಮನಾರ್ಹ. ತತ್ತ್ವಶಾಸ್ತ್ರಕ್ಕೆ ಸಾಲಿದ ಭಾಷೆಯು ಪಾಲುಪಾರೀಕತ್ತಿನ ಶಾಸ್ತ್ರಕ್ಕೆ ಸಾಲದೆಂಬುದು ಯುಕ್ತಿಗೆ ನಿಲ್ಲುವ ಮಾತಲ್ಲ.

ಆದುದರಿಂದ ಬೇಕಾದುದು ಇಂಗ್ಲಿಷ್ ಪತ್ರಿಕೆಗಳ ನಿಂದೆಯಲ್ಲ, ಅವುಗಳ ಶಿಸ್ತು. ಹೆಸರು ನೋಡದೆ ಗುಣ ನೋಡುವುದು, ಮೂಲವನ್ನು ಬಿಚ್ಚಿ ನೋಡದೆ ಉದ್ಧರಿಸದಿರುವುದು, ಎದುರುಪಕ್ಷವನ್ನು ಪೂರ್ತಿಯಾಗಿ ಹೇಳಿ ಆಮೇಲೆ ಖಂಡಿಸುವುದು ಎಂಬ ಮೂರನ್ನು ಉಳಿಸಿಕೊಂಡು ರಾಯಚೂರಿನ ವಿದ್ಯಾರ್ಥಿಗಳು ವರ್ಷಕ್ಕೆ ನಾಲ್ಕು ತೀರ್ಪುಗಳನ್ನಾದರೂ ಕನ್ನಡದಲ್ಲಿ ವಿಮರ್ಶಿಸಿದರೆ ಸಾಕು. ಮಾನ್ವಿಯ ಕಚೇರಿಯ ಕಟ್ಟೆಯ ಮೇಲೆ ಕುಳಿತು ಸರದಿ ಕಾಯುವ ಒಕ್ಕಲಿಗನು ತನ್ನ ವ್ಯಾಜ್ಯದ ನಾಲ್ಕು ಪಾದಗಳನ್ನೂ ತಾನೇ ಓದಿ ತಿಳಿಯುವ ದಿನಕ್ಕೆ ಅದು ಮೊದಲ ಹೆಜ್ಜೆಯಾದೀತು.