ನಂಜನಗೂಡು, ತಿ. ನರಸೀಪುರ: ಹೊಳೆದಂಡೆ ಮತ್ತು ಕೆರೆಯಂಚಿನ ರಕ್ಷಣೆಯ ಇತಿಹಾಸ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ದಂಡೆಯ ರಕ್ಷಣೆ ಎಂದರೆ ಮುಖ್ಯವಾಗಿ ನೆರೆಯ ಲೆಕ್ಕಾಚಾರ. ಕಬಿನಿ ಎಂದೂ ಹೆಸರಾದ ಕಪಿಲೆ ಕೇರಳದ ವಯನಾಡಿನಲ್ಲಿ ಹುಟ್ಟಿ, ನಂಜನಗೂಡಿನ ಬಳಿ ಗುಂಡ್ಲು ಹೊಳೆಯನ್ನು ಕೂಡಿಕೊಂಡು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ವಯನಾಡಿನಲ್ಲಿ ಮುಂಗಾರು ಜೋರಾದರೆ ನಂಜನಗೂಡಿನಲ್ಲಿ ಬಿಸಿಲಿದ್ದಾಗಲೂ ಹೊಳೆ ಉಕ್ಕುತ್ತದೆ. ಊರಿನ ಮಳೆ ನೋಡಿ ದಂಡೆಯ ಕಟ್ಟಡಕ್ಕೆ ಜಾಗ ಗೊತ್ತುಮಾಡುವುದು ಇಲ್ಲಿ ನಡೆಯದ ಮಾತು.

ಹಿಂದಿನವರು ಇದನ್ನು ಅರಿತೇ ಕಟ್ಟಿದಂತಿದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಬಳಿಯ ಸ್ನಾನಘಟ್ಟದಲ್ಲಿರುವ ಹದಿನಾರು ಕಾಲು ಮಂಟಪಕ್ಕೆ ಗೋಡೆಯಿಲ್ಲ; ನೆರೆಯ ನೀರು ಕಂಬಗಳ ನಡುವೆ ಹಾದುಹೋಗುತ್ತದೆ. ಮಂಟಪ ಎಷ್ಟು ಮುಳುಗಿದೆ ಎಂಬುದೇ ಊರಿನವರಿಗೆ ನೆರೆಯ ಅಳತೆ. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರ ಸುಮಾರಿಗೆ, ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆ ಮುಂದೆ ರೈಲನ್ನೂ ಹೊತ್ತಿತು. ಮುಳುಗಿದರೂ ಕೆಡದ ತೆರೆದ ಕಟ್ಟಡವನ್ನು ಮಾತ್ರ ನೀರಿನಂಚಿಗೆ ತರುವುದು ಈ ಘಟ್ಟಗಳ ಹಿಂದಿನ ವಿವೇಕ.

ಕೆರೆಗಳದು ಬೇರೆ ಕಥೆ. ಕೆರೆಗೆ ಒಂದು ಕಡೆ ಏರಿ, ತೂಬು, ಕೋಡಿ. ಇನ್ನೊಂದು ಕಡೆ ಅಂಗಳ. ಏರಿ ಇದ್ದಲ್ಲೇ ಇರುತ್ತದೆ. ಅಂಗಳದ ಅಂಚು ಮಳೆಗಾಲಕ್ಕೂ ಬೇಸಿಗೆಗೂ ಬಹುದೂರ ಸರಿದಾಡುತ್ತದೆ. ಕೆರೆಯನ್ನು ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಕಟ್ಟುಕೊಡಗೆ ಎಂದು ಭೂಮಿ ಬಿಟ್ಟುಕೊಟ್ಟ ಸಂಗತಿ ಕರ್ನಾಟಕದ ಶಾಸನಗಳಲ್ಲಿ ಹೇರಳವಾಗಿ ಸಿಗುತ್ತದೆ. ಆ ಕಾಳಜಿ ಹೆಚ್ಚಾಗಿ ಏರಿ, ತೂಬುಗಳದ್ದು. ವರ್ಷದ ಬಹುಪಾಲು ಒಣಗಿರುವ ಅಂಗಳಕ್ಕೆ ಕಾವಲು ಕಡಿಮೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 67ನೇ ಕಲಮು ನದಿ, ಹಳ್ಳ, ಕೆರೆಗಳ ಪಾತ್ರವನ್ನು ಸರ್ಕಾರದ ಸ್ವತ್ತೆಂದು ಸಾರಿದೆ. ಆದರೂ ಒತ್ತುವರಿ ನಡೆಯುವುದು ಅಂಗಳದ ಕಡೆಯಿಂದಲೇ.

ನೀರನ್ನು ಒಂದೆಡೆ ತಡೆದರೆ ದಂಡೆ ಇನ್ನೊಂದೆಡೆ ಬದಲಾಗುತ್ತದೆ ಎಂಬುದಕ್ಕೆ ತಿ. ನರಸೀಪುರ ತಾಲ್ಲೂಕಿನ ತಲಕಾಡಿಗಿಂತ ದೊಡ್ಡ ಉದಾಹರಣೆ ಬೇಡ. ಜನ ಇದನ್ನು ಅಲಮೇಲಮ್ಮನ ಶಾಪದ ಕಥೆಯಾಗಿ ಬಲ್ಲರು: ತಲಕಾಡು ಮರಳಾಯಿತು, ಎದುರು ದಂಡೆಯ ಮಾಲಂಗಿ ಮಡುವಾಯಿತು. ವಿಜ್ಞಾನಿ ಮತ್ತು ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಇದಕ್ಕೆ ಪರಿಸರದ ಕಾರಣ ಹುಡುಕಿದ್ದಾರೆ. ಅವರ ಪ್ರಕಾರ 14ನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಕಾವೇರಿಗೆ ಕಟ್ಟಿಸಿದ ಅಣೆಕಟ್ಟೆಯಿಂದ ಕೆಳಗಿನ ಹರಿವು ತಗ್ಗಿ, ಪಾತ್ರದ ಮರಳು ಬಯಲಾಗಿ, ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು. ನದಿಯ ತಿರುವಿನಲ್ಲಿ ಹೊರದಂಡೆ ಕೊರೆಯುವುದು, ಒಳದಂಡೆಯಲ್ಲಿ ಮರಳು ಕೂಡುವುದು ಸಹಜವೂ ಹೌದು. ಶಾಪವನ್ನು ನಂಬದಿದ್ದರೂ ಅದರಲ್ಲಿ ಎರಡು ದಂಡೆಗಳನ್ನೂ ಒಟ್ಟಿಗೆ ಹೇಳಿರುವುದನ್ನು ಎಂಜಿನಿಯರುಗಳು ಗಮನಿಸಬೇಕು. ಒಂದು ದಡಕ್ಕೆ ಕಾಂಕ್ರೀಟ್ ತಡೆಗೋಡೆ ಎತ್ತಿದರೆ ಹೊಡೆತ ಎದುರು ದಡಕ್ಕೋ ಗೋಡೆ ಮುಗಿಯುವ ಜಾಗಕ್ಕೋ ದಾಟುತ್ತದೆ. ಹೊಳೆಮತ್ತಿ, ಹೊಂಗೆ, ಲಾವಂಚಗಳ ಬೇರು ಮಣ್ಣನ್ನು ಹಿಡಿದಿಟ್ಟುಕೊಂಡೇ ಹರಿವಿನ ರಭಸವನ್ನೂ ತಗ್ಗಿಸುತ್ತದೆ. ಪಾತ್ರದಿಂದ ಮಿತಿಮೀರಿ ಮರಳು ತೆಗೆದಲ್ಲಿ ಗೋಡೆಯಾಗಲಿ ಬೇರಾಗಲಿ ಬಹುಕಾಲ ನಿಲ್ಲದು. ತಳ ಇಳಿದಂತೆ ದಂಡೆಯ ಬುಡ ಕಳಚುತ್ತದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಜಲಾಶಯ 1974ರಲ್ಲಿ ಪೂರ್ಣಗೊಂಡಿತು. ಸಣ್ಣ ನೆರೆಗಳು ಅಲ್ಲೇ ತಡೆದು ನಿಂತು, ದಂಡೆಯ ಬಯಲು ವರ್ಷಗಟ್ಟಲೆ ಒಣಗಿ ಕಂಡರೆ ಅಲ್ಲಿ ಮನೆಗೆ ಪಾಯ ತೋಡುವ ಧೈರ್ಯ ಬರುತ್ತದೆ. ದೊಡ್ಡ ನೆರೆ ಮಾತ್ರ ಹಾಗೆ ನಿಲ್ಲುವುದಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ಕಪಿಲೆ ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿ ನೀರಿನಡಿಯಾಗಿ ಸಂಚಾರ ನಿಂತಿತು. ಸುತ್ತೂರಿನ ಸೇತುವೆಯೂ ಮುಳುಗಿತು.

ತಿರುಮಕೂಡಲಿನ ಸಂಗಮದಲ್ಲಿ 1989ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರುವರಿಯಲ್ಲೂ ನಡೆಯಿತು. ನೀರು ಇಳಿದ ಮಾಘದಲ್ಲಿ ಚಪ್ಪರ, ತಾತ್ಕಾಲಿಕ ಸೇತುವೆ ಹಾಕಿ ಆಮೇಲೆ ತೆಗೆಯುವುದು ವಾಡಿಕೆ. ಇಂಥ ಜಾಗಕ್ಕೆ ಒಪ್ಪುವ ಕ್ರಮವೇ ಅದು.

ಅಂಚಿನ ಕಟ್ಟಡಕ್ಕೆ ಮಿತಿ ಹಾಕುವ ಕಾನೂನು ತಡವಾಗಿ ಬಂತು, ಬಂದದ್ದೂ ಮೊದಲು ಕೆರೆಗೆ. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ರಾಜ್ಯವು 2014ರಲ್ಲಿ ಮಾಡಿದ ಕಾಯ್ದೆ ಕೆರೆಯ ಹೊರಗಡಿಯಿಂದ 30 ಮೀಟರ್ ಒಳಗೆ ಮನೆ, ವಾಣಿಜ್ಯ ಸಂಕೀರ್ಣ, ಕೈಗಾರಿಕೆಗಳನ್ನು ನಿಷೇಧಿಸಿತು. ಬೆಂಗಳೂರಿನ ಕೆರೆಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಮೀಸಲು ವಲಯ ವಿಧಿಸಿತು; ಅದನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ಹತ್ತು ವರ್ಷದ ಸರಾಸರಿ ನೆರೆಮಟ್ಟದಿಂದ 50 ಮೀಟರ್ ಒಳಗೆ, ದೋಣಿಕಟ್ಟೆ ಬಿಟ್ಟು, ಕಾಯಂ ಕಟ್ಟಡವನ್ನು ತಡೆಯುತ್ತವೆ. ನೀರಿನ ಏರಿಳಿತವನ್ನೇ ಅಳತೆಗೋಲು ಮಾಡಿಕೊಂಡ ಇದು ಹೆಚ್ಚು ಅರ್ಥವತ್ತಾದ ನಿಯಮ. ಆದರೆ ನದಿಯ ಪಾತ್ರ, ನೀರಾವರಿಗೆಂದು ಕಟ್ಟಿದ ಕೆರೆ ಎರಡೂ ಅದರ ವ್ಯಾಪ್ತಿಯಿಂದ ಹೊರಗಿವೆ. ನಂಜನಗೂಡು, ತಿ. ನರಸೀಪುರಗಳ ಬಹುಪಾಲು ನೀರು ಈ ಎರಡರಲ್ಲೇ ಇದೆ.

ನೆರೆ ಹರಡುವ ಬಯಲನ್ನು ವಲಯಗಳಾಗಿ ಗುರುತಿಸಿ ಕಟ್ಟಡಕ್ಕೆ ಮಿತಿ ಹಾಕುವ ಮಾದರಿ ಮಸೂದೆಯೊಂದನ್ನು ಕೇಂದ್ರವು 1975ರಲ್ಲೇ ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡಗಳು ಅದರಂತೆ ಕಾಯ್ದೆ ಮಾಡಿಕೊಂಡವು; ಆ ಪಟ್ಟಿಯಲ್ಲಿ ಕರ್ನಾಟಕವಿಲ್ಲ.